ಕ್ರೇನ್ ಸಿಸ್ಟರ್

ಐದು ತಿಂಗಳ ರಜೆ ಮುಗಿಸಿ ಕೆಲಸಕ್ಕೆ ವಾಪಸು ಹೋದ ದಿನ ಆಸ್ಪತ್ರೆಯ ವಾಚ್‌ಮನ್ ನನ್ನನ್ನು ಬಾಗಿಲಲ್ಲೇ ತಡೆದು, "ರೋಗಿಗಳನ್ನ ನೋಡೋ ಟೈಮು ಸಂಜೆ ನಾಲ್ಕಕ್ಕೆ ಮೇಡಂ" ಎಂದ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ನನಗೆ ನಮಸ್ಕಾರ ಹೊಡೆದ ಮನುಷ್ಯ ಇವನು. ಗುರುತಿನ ಚೀಟಿ ತೆಗೆದು ಅವನ ಮೂಗಿನ ಕೆಳಗೆ ಹಿಡಿದೆ. ಫೋಟೋ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋಟೋ ನೋಡಿದ. "ಇದು ನಿಮ್ಮ ಅಕ್ಕನಾ?" ಎಂದು ಕೇಳಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಅವತ್ತು ಮಾತ್ರ ಅದು ಎಲ್ಲೋ ಜಾರಿಬಿದ್ದಿತ್ತು. ಮೆಟ್ಟಿಲವರೆಗೂ ನಗುತ್ತಲೇ ಹೋದೆ.

ನಮ್ಮ ಮೂಳೆ ವಾರ್ಡು ಇರುವುದು ಎರಡನೇ ಮಹಡಿಯಲ್ಲಿ. ಮೂವತ್ತಾರು ಮೆಟ್ಟಿಲು. ಮೊದಲೆಲ್ಲ ಹದಿನೆಂಟನೆಯದರಲ್ಲಿ ನಿಂತು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನಾಟಕ ಆಡಿ, ಏದುಸಿರು ತಣ್ಣಗಾದ ಮೇಲೆ ಉಳಿದದ್ದು ಹತ್ತುತ್ತಿದ್ದೆ. ಇಡೀ ಆಸ್ಪತ್ರೆಗೆ ಅದು ನಾಟಕವೆಂದು ಗೊತ್ತಿತ್ತು, ಗೊತ್ತಿಲ್ಲವೆಂದುಕೊಂಡವಳು ನಾನೊಬ್ಬಳೇ. ಈ ಸಲ ನಿಲ್ಲದೆ ಹತ್ತಿದೆ. ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೆಳಗಿಳಿದು, ಇನ್ನೊಂದು ಸಲ ಹತ್ತಿದೆ.

ರಜೆಗೆ ಹೋಗುವಾಗ ನಾನು ನೂರಾ ಇಪ್ಪತ್ತೊಂದು ಕೆ.ಜಿ. ಇದ್ದೆ. ಬರುವಾಗ ಎಂಬತ್ತೇಳು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಬಾಳೆಹಣ್ಣಿನಷ್ಟು ಮಾಡಿ ಹೊಲಿದಿದ್ದರು. ಚಂದ ಕಾಣಬೇಕೆಂದು ಮಾಡಿಸಿಕೊಂಡದ್ದಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ಎಲ್ಲ ಸೇರಿ ನನ್ನ ಮೇಲೆ ಮುಗಿಬಿದ್ದಿದ್ದವು. ಅದೆಲ್ಲವನ್ನೂ ಹೇಗೋ ತಳ್ಳಿಕೊಂಡು ಹೋಗುತ್ತಿದ್ದೆ. ಆದರೆ ಒಂದು ದಿನ ವಾರ್ಡಿನ ಆ ತುದಿಯಲ್ಲಿ ಒಬ್ಬಾಕೆಗೆ ಉಸಿರು ಕಟ್ಟಿತು. ಆಕ್ಸಿಜನ್ ತರಲು ಓಡಿದವಳು ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂದು ಯಾರದೋ ಮಂಚದ ಮೇಲೆ ಕುಸಿದು ಕೂತೆ. ಆಕ್ಸಿಜನ್ ಬೇರೆಯವರು ತಂದರು, ಆಕೆ ಬದುಕಿಕೊಂಡಳು. ನನಗೆ ನೀರು ಕುಡಿಸಿದ್ದು ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ರೋಗಿ. ಅವತ್ತು ಮನೆಗೆ ಹೋಗಿ, "ನಾನು ಆಪರೇಷನ್ ಮಾಡಿಸ್ಕೋತೀನಿ" ಎಂದೆ.

ಅತ್ತೆ ಕೂಗಾಡಿದರು. "ದೇವರು ಕೊಟ್ಟ ಹೊಟ್ಟೆ ಕಣೇ ಅದು, ಕೊಯ್ಸೋದಾ?" ಎಂದರು. ನನ್ನ ಗಂಡ ಬಸ್ ಡ್ರೈವರು, ಮಾತು ಕಡಿಮೆ. ಟಿ.ವಿ. ಆರಿಸಿ, "ಯಾವತ್ತು ಹೋಗ್ಬೇಕು ಹೇಳು, ರಜೆ ಹಾಕ್ತೀನಿ" ಎಂದರು. ಅಷ್ಟೇ. ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ.

ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ನನ್ನನ್ನು ಕೋಣೆಗೆ ಕರೆದರು. ಅವರದು ಅಳೆದು ತೂಗಿ ಆಡುವ ಮಾತು. ಡಾಕ್ಟರ ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಭಾರ ಎತ್ತಬಹುದು ಅಂತ ಬರ್ದಿದಾರೆ. ಎತ್ತೋಕೆ ಆಗುತ್ತೆ ಅಂತ ಬರ್ದಿಲ್ಲ" ಎಂದರು.

"ಆಗುತ್ತೆ ಮೇಡಂ."

"ಎರಡು ವಾರ ನೋಡೋಣ. ಆಗ್ದೇ ಇದ್ರೆ ಕೆಳಗಡೆ ಚೀಟಿ ಕೌಂಟರ್ ಖಾಲಿ ಇದೆ. ಸಂಬಳ ಅಷ್ಟೇ. ಕುರ್ಚಿ ಇದೆ, ಫ್ಯಾನ್ ಇದೆ. ಅದು ಶಿಕ್ಷೆ ಅಂದ್ಕೋಬೇಡಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ನನಗೆ ಅದು ಶಿಕ್ಷೆಯಂತೆಯೇ ಕೇಳಿಸಿತು. ಚೀಟಿ ಕೌಂಟರಿನಲ್ಲಿ ಕೂತವರಿಗೆ ಜನರ ಮುಖ ಕಿಟಕಿಯಷ್ಟೇ ಅಗಲ ಕಾಣುತ್ತದೆ. ನನಗೆ ಬೇಕಾದದ್ದು ಬೇರೆ. ಬಿದ್ದು ಮೂಳೆ ಮುರಿದುಕೊಂಡವರು, ಇನ್ನು ನನ್ನ ಕಥೆ ಮುಗಿಯಿತು ಎಂದು ಗೋಡೆಗೆ ಮುಖ ಮಾಡಿ ಮಲಗಿದವರು, ಒಂದು ಬೆಳಿಗ್ಗೆ ನಮ್ಮ ಕೈ ಹಿಡಿದು ನೆಲದ ಮೇಲೆ ಎದ್ದು ನಿಲ್ಲುತ್ತಾರಲ್ಲ, ಆಗ ಅವರ ಮುಖ ಹೇಗಿರುತ್ತದೆಂದು ನೋಡಬೇಕು. ಕೆಲವರು ಅಳುತ್ತಾರೆ, ಕೆಲವರು ಕಿಟಕಿಯ ಆಚೆ ಏನಿದೆ ಎಂದು ಇಣುಕುತ್ತಾರೆ. ಅದೊಂದು ಗಳಿಗೆಗಾಗಿ ನಾನು ಹನ್ನೊಂದು ವರ್ಷ ಮಲ, ಮೂತ್ರ, ಬೈಗುಳ ಎಲ್ಲವನ್ನೂ ನಗುನಗುತ್ತಾ ಸಹಿಸಿದ್ದೇನೆ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಎತ್ತುವುದರಲ್ಲಿ ನನಗೆ ಹೆಸರಿತ್ತು. ವಾರ್ಡಿನಲ್ಲಿ ನನ್ನನ್ನು 'ಕ್ರೇನ್ ಸಿಸ್ಟರ್' ಎನ್ನುತ್ತಿದ್ದರು. ಮೊದಮೊದಲು ಮುಖ ಊದಿಸಿಕೊಂಡಿದ್ದೆ, ಆಮೇಲೆ ನನಗೇ ಹೆಮ್ಮೆಯಾಯಿತು. ಎಂಥ ದಪ್ಪ ಆಸಾಮಿಯಾದರೂ ಸರಿ, ಮಂಚದ ಅಂಚಿಗೆ ಕೂರಿಸಿ, ಸೊಂಟದ ಸುತ್ತ ಮಡಿಸಿದ ಹೊದಿಕೆ ಸುತ್ತಿ, ಅದರ ಎರಡೂ ತುದಿ ಹಿಡಿದು, "ಒಂದು, ಎರಡು, ಹೂಂ" ಎನ್ನುತ್ತಿದ್ದೆ. ಹೂಂ ಎಂದಾಗ ಹಿಂದಕ್ಕೆ ವಾಲಿಬಿಡುವುದು, ಅಷ್ಟೇ. ನನ್ನ ಮೈಭಾರ ಆ ಕಡೆ ಹೋದಂತೆ ರೋಗಿ ಈ ಕಡೆ ಎದ್ದು ಬರುತ್ತಿದ್ದ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ, ನಾನೇ ಕಂಡುಕೊಂಡದ್ದು. ನನ್ನ ದಪ್ಪದಿಂದ ಜಗತ್ತಿಗೆ ಆದ ಒಂದೇ ಒಂದು ಉಪಕಾರ ಎಂದು ನಾನೇ ತಮಾಷೆ ಮಾಡಿಕೊಳ್ಳುತ್ತಿದ್ದೆ. ಗುಣವಾಗಿ ಮನೆಗೆ ಹೊರಟವರು, "ಒಂದೇ ಕೈಲಿ ಎತ್ತಿಬಿಟ್ರು ಸಿಸ್ಟರ್" ಎಂದು ಸ್ವೀಟ್ ಬಾಕ್ಸ್ ತಂದು ನನ್ನ ಕೈಗೇ ಕೊಡುತ್ತಿದ್ದರು. ನೂರಾ ಇಪ್ಪತ್ತೊಂದು ಕೆ.ಜಿ.ಯಲ್ಲಿ ಆ ಬಾಕ್ಸುಗಳ ಪಾಲೂ ಸಾಕಷ್ಟಿತ್ತು.

ಎತ್ತುವಾಗ ನನ್ನ ಜೊತೆ ಯಾವಾಗಲೂ ಇರುತ್ತಿದ್ದವರು ನಮ್ಮ ವಾರ್ಡಿನ ಆಯಮ್ಮ. ಐವತ್ತು ದಾಟಿದ ಹೆಂಗಸು, ಊದಿದರೆ ಹಾರಿಹೋಗುವಷ್ಟು ಸಣಕಲು. ನಲವತ್ತೆರಡು ಕೆ.ಜಿ. ಇರಬಹುದು, ಅದೂ ಚಪ್ಪಲಿ ಸೇರಿಸಿ. ನಾನು ಎಳೆಯುವಾಗ ಅವರು ಪಕ್ಕದಲ್ಲಿ ಬಗ್ಗಿಕೊಂಡು ಏನೋ ಮಾಡುತ್ತಿದ್ದರು. ಏನು ಎಂದು ನಾನು ಯಾವತ್ತೂ ನೋಡಿದವಳಲ್ಲ. ಹೊದಿಕೆ ಸರಿಮಾಡುತ್ತಾರೆ, ಚಪ್ಪಲಿ ಜೋಡಿಸುತ್ತಾರೆ ಎಂದುಕೊಂಡಿದ್ದೆ. ಸ್ವೀಟ್ ಬಾಕ್ಸ್ ಬಂದಾಗ ಅವರಿಗೂ ಒಂದು ತುಂಡು ಕೊಡುತ್ತಿದ್ದೆ.

ವಾಪಸು ಹೋದ ಮೊದಲ ಎರಡು ದಿನ ಚೆನ್ನಾಗಿಯೇ ಕಳೆಯಿತು. ಹಾಸಿಗೆ ಬಟ್ಟೆ ಬದಲಿಸಿದೆ, ಗಾಯ ತೊಳೆದೆ, ವಾರ್ಡಿನ ಈ ತುದಿಯಿಂದ ಆ ತುದಿಗೆ ಬೇಕೆಂದೇ ಬಿರಬಿರನೆ ನಡೆದೆ. ನನ್ನ ಊಟಕ್ಕೆ ಅಂಗೈಯಗಲದ ಸ್ಟೀಲ್ ಡಬ್ಬಿ. ಅದರಲ್ಲಿ ಬೇಯಿಸಿದ ಮೊಟ್ಟೆ ಒಂದು, ನಾಲ್ಕು ಚಮಚ ತರಕಾರಿ. ಅದನ್ನು ಅರ್ಧ ಗಂಟೆ ಅಗಿಯಬೇಕು, ಜೊತೆಗೆ ನೀರು ಕುಡಿಯಬಾರದು, ಗಡಿಬಿಡಿ ಮಾಡಿದರೆ ಬೆವರಿಳಿದು ತಲೆ ಸುತ್ತುತ್ತದೆ. ವಾರ್ಡಿನಲ್ಲಿ ಅರ್ಧ ಗಂಟೆ ಯಾರು ಕೊಡುತ್ತಾರೆ? ಆಯಮ್ಮ ಕೊಟ್ಟರು. ಒಂದು ಗಂಟೆಯಾದ ಕೂಡಲೇ ಬಟ್ಟೆ ಇಡುವ ಕೋಣೆಯಲ್ಲಿ ನನ್ನನ್ನು ಕೂರಿಸಿ, ಬಾಗಿಲಿಗೆ ಸ್ಟೂಲ್ ಹಾಕಿಕೊಂಡು ಕೂತು, ಬಂದವರಿಗೆಲ್ಲ, "ಸಿಸ್ಟರ್ ಬಟ್ಟೆ ಎಣಿಸ್ತಿದಾರೆ, ಮಧ್ಯ ಬಂದ್ರೆ ಲೆಕ್ಕ ತಪ್ಪುತ್ತೆ" ಎನ್ನುತ್ತಿದ್ದರು.

ಮೂರನೇ ದಿನ ಏಳನೇ ಬೆಡ್ಡಿನ ಡ್ರಿಲ್ ಮೇಷ್ಟ್ರನ್ನು ಮೊದಲ ಸಲ ಎಬ್ಬಿಸಿ ನಿಲ್ಲಿಸಬೇಕಿತ್ತು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದವರು. ಸ್ನಾನದ ಮನೆಯಲ್ಲಿ ಜಾರಿ ಎಡತೊಡೆಯ ಮೂಳೆ ಮುರಿದು, ಒಳಗೆ ರಾಡು ಹಾಕಿದ್ದರು. ತೊಂಬತ್ತನಾಲ್ಕು ಕೆ.ಜಿ. ಆಳು, ಅದಕ್ಕೆ ತಕ್ಕ ಗಂಟಲು. ಥರ್ಮಾಮೀಟರ್ ಇಟ್ಟರೂ, "ಬೆನ್ನು ನೆಟ್ಟಗಿರಲಿ ಸಿಸ್ಟರ್!" ಎಂದು ನನಗೇ ಗದರುವ ಮನುಷ್ಯ.

ಅಂಚಿಗೆ ಕೂರಿಸಿದೆವು. ಹೊದಿಕೆ ಸುತ್ತಿದೆ, ತುದಿ ಹಿಡಿದೆ. ಕೈಗೆ ಎಲ್ಲ ನೆನಪಿತ್ತು. ಆಯಮ್ಮ ಎಂದಿನಂತೆ ಬಗ್ಗಿದರು. ಒಂದು, ಎರಡು, ಹೂಂ ಎಂದು ಹಿಂದಕ್ಕೆ ವಾಲಿದೆ. ಮೇಷ್ಟ್ರು ಅರ್ಧ ಎದ್ದರು, ಅಲ್ಲಿಗೇ ನಿಂತರು. ನನ್ನ ಹಿಂದೆ ಇರಬೇಕಾಗಿದ್ದ ಮೂವತ್ತನಾಲ್ಕು ಕೆ.ಜಿ. ಇರಲಿಲ್ಲ. ಮರುಕ್ಷಣ ಅವರು ನನ್ನ ಕಡೆ ಬರುವ ಬದಲು ನಾನೇ ಅವರ ಕಡೆ ಹೋದೆ. ಅವರು ಓಲಾಡಿ ಅಂಚಿನಿಂದ ಕೆಳಕ್ಕೆ ಜಾರತೊಡಗಿದರು. ನೆಲಕ್ಕೆ ಬಿದ್ದೇ ಬಿಟ್ಟರು ಎನ್ನುವಷ್ಟರಲ್ಲಿ ಏನೋ ತಡೆಯಿತು. ಇಬ್ಬರೂ ಸೇರಿ ಅವರನ್ನು ಹೇಗೋ ಹಾಸಿಗೆಗೆ ದಬ್ಬಿದೆವು.

ಮೇಷ್ಟ್ರು ಬಿಳಿಚಿಕೊಂಡಿದ್ದರು. ಆಯಮ್ಮ ಎದ್ದು ನಿಂತು, ಏನೂ ಆಗದವರಂತೆ ಹೊದಿಕೆ ಮಡಿಸಿದರು.

ಹೊರಗೆ ಬಂದ ಮೇಲೆ ಅವರು ನನ್ನ ಕಿವಿಯ ಹತ್ತಿರ, "ಬಿಡಿ ಸಿಸ್ಟರ್, ಬಿದ್ದಿಲ್ವಲ್ಲ. ಯಾರಿಗೂ ಗೊತ್ತಾಗಲ್ಲ" ಎಂದರು. ನಿಜ ಹೇಳುತ್ತೇನೆ, ಬಿಟ್ಟುಬಿಡಬೇಕೆಂದು ನನಗೂ ಅನ್ನಿಸಿತು. ಬರೆದರೆ ಚೀಟಿ ಕೌಂಟರ್ ಖಂಡಿತ. ಆದರೆ ಒಳಗೆ ರಾಡು ಅಲುಗಿದ್ದರೆ? ಆ ಯೋಚನೆ ಬಂದ ಮೇಲೆ ಬಿಟ್ಟುಬಿಡಲು ಆಗಲಿಲ್ಲ. ಡಾಕ್ಟರಿಗೆ ಹೇಳಿ ಎಕ್ಸ್‌ರೇ ತೆಗೆಸಿದೆ. ಏನೂ ಆಗಿರಲಿಲ್ಲ. ಆಮೇಲೆ ನಡೆದದ್ದನ್ನು ನಡೆದ ಹಾಗೆ ಬರೆದು, ನಾನೇ ಮೇಡಂ ಕೋಣೆಗೆ ಒಯ್ದು ಕೊಟ್ಟೆ.

ಅವರು ಓದಿದರು. ಮಡಿಸಿ ಮೇಜಿನ ಮೇಲಿಟ್ಟರು.

"ಎರಡು ವಾರ ಅಂದಿದ್ದೆ. ಈಗ ಅಷ್ಟು ದಿನ ಕಾಯೋಕಾಗಲ್ಲ" ಎಂದರು. "ಇವತ್ತು ಸೋಮವಾರ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಬರ್ತೀನಿ. ಇದೇ ಪೇಷೆಂಟನ್ನ ನನ್ನ ಮುಂದೆ ಎಬ್ಬಿಸಿ ನಿಲ್ಸಿ. ಅಲ್ಲೀವರ್ಗೂ ಅವರನ್ನ ಮುಟ್ಟಬೇಡಿ."

ಬಟ್ಟೆ ಕೋಣೆಗೆ ಹೋಗಿ ಕೂತೆ. ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು, ಹೊಟ್ಟೆಗೆ ಐದು ತೂತು ಮಾಡಿಸಿಕೊಂಡು, ಕೂದಲು ಉದುರಿಸಿಕೊಂಡು, ಕೆಲಸ ಚೆನ್ನಾಗಿ ಮಾಡಬಹುದು ಎಂದು ತೂಕ ಇಳಿಸಿದರೆ, ಕೆಲಸ ಮಾಡುತ್ತಿದ್ದದ್ದೇ ಆ ತೂಕ ಎಂದು ಈಗ ಗೊತ್ತಾಗಬೇಕೇ! ಗೋಡೆಗೆ ಹಾಗೆಯೇ ಹೇಳಿದೆ. ಬಾಗಿಲಲ್ಲಿ ಆಯಮ್ಮ ನಿಂತಿದ್ದರು.

"ತೂಕ ಅಲ್ಲ ಸಿಸ್ಟರ್" ಎಂದರು.

"ಮತ್ತೇನು?"

ಅವರು ಸಂಕೋಚದಿಂದ ಆಚೀಚೆ ನೋಡಿ, ಬಾಗಿಲು ಹಾಕಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದರು. ಎರಡೂ ಮೊಣಕಾಲಿನ ಮೇಲೆ ಕಲೆಗಳಿದ್ದವು. ಕೆಲವು ಹಳೆಯವು, ಕಂದು ಬಣ್ಣಕ್ಕೆ ತಿರುಗಿದ್ದವು. ಒಂದು ಹೊಸದು, ಇನ್ನೂ ಕೆಂಪಗಿತ್ತು. ಅದು ಆ ಬೆಳಗಿನದು.

"ನೀವು ಎಳೀವಾಗ ಅವರ ಮೊಣಕಾಲು ಮುಂದಕ್ಕೆ ಜಾರುತ್ತೆ. ನಾನು ನನ್ನ ಮೊಣಕಾಲು ಒಡ್ತೀನಿ. ಅದಕ್ಕೆ ಆನಿಕೊಂಡು ಅವರು ಏಳ್ತಾರೆ. ಅಷ್ಟೇ" ಎಂದರು. "ನೀವು ಎಳೀದೇ ಇದ್ರೂ ಏಳ್ತಾರೆ. ಆದ್ರೆ ನೀವು ಎಳೀತಿದ್ರಿ, ಚೆನ್ನಾಗೇ ಎಳೀತಿದ್ರಿ."

ಹನ್ನೊಂದು ವರ್ಷ ಅವರು ನನ್ನ ಮುಂದೆಯೇ, ಒಂದು ಮೊಳ ದೂರದಲ್ಲಿ ಇದನ್ನು ಮಾಡಿದ್ದಾರೆ. ನನಗೆ ಕಾಣಲಿಲ್ಲ. ಕಾಣುವುದಾದರೂ ಹೇಗೆ? ತಲೆ ಬಗ್ಗಿಸಿದರೆ ನನಗೆ ಕಾಣುತ್ತಿದ್ದದ್ದು ನನ್ನ ಹೊಟ್ಟೆ. ಅದರ ಕೆಳಗೆ ಯಾರ ಕಾಲು ಏನು ಮಾಡುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ಜೋರಾಗಿಯೇ ಕೇಳಿದೆ. ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ.

"ಏನಂತ ಹೇಳ್ಲಿ? ಅವರು ಎದ್ದು ನಿಂತಾಗ ನಿಮ್ಮ ಮುಖ ನೋಡ್ಬೇಕಿತ್ತು. ಅಷ್ಟು ಖುಷಿ. ಅದನ್ನ ಯಾಕೆ ಹಾಳು ಮಾಡೋದು ಅಂತ." ಅವರು ಸೀರೆ ಕೆಳಗಿಳಿಸಿದರು. "ಅಲ್ಲದೆ ನೀವು ಸ್ವೀಟ್ ಕೊಡ್ತಿದ್ರಿ."

ಆ ಸ್ವೀಟಿನ ಮಾತು ನನ್ನ ಕರುಳಿಗೆ ತಾಗಿತು. ಇಡೀ ಬಾಕ್ಸ್ ನಾನಿಟ್ಟುಕೊಂಡು ಒಂದು ತುಂಡು ಕೊಟ್ಟಿದ್ದೆ. ಅವರ ಎರಡೂ ಕೈ ಹಿಡಿದುಕೊಂಡೆ. "ನಂಗೆ ಕಲಿಸಿ ಆಯಮ್ಮ" ಎಂದೆ.

"ಅಯ್ಯೋ, ನಾನಾ? ನಿಮ್ಗಾ?" ಎಂದು ಅವರು ನಕ್ಕೇಬಿಟ್ಟರು. ಆದರೂ ಕಲಿಸಿದರು. ಆ ಮಧ್ಯಾಹ್ನವೇ ಸ್ಟೂಲಿನ ಮೇಲೆ ತಾವು ಕೂತು ರೋಗಿಯಾದರು, ಆಮೇಲೆ ನನ್ನನ್ನು ಕೂರಿಸಿ ತಾವು ಎಬ್ಬಿಸಿ ತೋರಿಸಿದರು. ಎಂಬತ್ತೇಳು ಕೆ.ಜಿ. ನಾನು, ನಲವತ್ತೆರಡು ಕೆ.ಜಿ. ಅವರು. ಕಾಲನ್ನು ಹಿಂದಕ್ಕೆ ಎಳೆದಿಡಿ, ಮುಂದಕ್ಕೆ ಬಗ್ಗಿ, ಇನ್ನೂ ಬಗ್ಗಿ ಎಂದರು. ನನ್ನ ಮೊಣಕಾಲಿಗೆ ಅವರ ಮೊಣಕಾಲು ಗಟ್ಟಿಯಾಗಿ ತಾಗಿತು. ಯಾರೂ ಎಳೆಯಲಿಲ್ಲ, ನಾನೇ ಎದ್ದು ನಿಂತಿದ್ದೆ.

"ಎತ್ತೋಕೆ ಹೋಗ್ಬೇಡಿ" ಎಂದರು ಆಯಮ್ಮ. "ಏಳೋರು ಅವರೇ. ನಾವು ಜಾರದ ಹಾಗೆ ನೋಡ್ಕೊಂಡ್ರೆ ಸಾಕು. ಆಮೇಲೆ, ಅವರು ಮುಂದಕ್ಕೆ ಬಗ್ಗೋವರ್ಗೂ ಕಾಯ್ಬೇಕು. ನೀವು ಯಾವಾಗ್ಲೂ ಹೂಂ ಅಂತ ಬೇಗ ಅಂದುಬಿಡ್ತೀರಿ. ಮೊದ್ಲು ನಿಮ್ಮ ಭಾರಕ್ಕೆ ಅದೂ ನಡೀತಿತ್ತು, ಈಗ ನಡಿಯಲ್ಲ."

ಸ್ಟೂಲಿನ ಮೇಲೆ ಕಲಿತದ್ದು ಮಂಚದ ಮೇಲೆ ಬರಬೇಕಲ್ಲ. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಗಂಡ ಎಂಟಕ್ಕೆ ಮುಂಚೆ ಬರುವುದಿಲ್ಲ. ಉಳಿದವರು ಅತ್ತೆ. ಅವರದೂ ಸಣ್ಣ ಮೈಯಲ್ಲ. ವಿಷಯ ಕೇಳಿದ್ದೇ ತಡ, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಹೋಗಿ ಮಂಚದ ಮೇಲೆ ಮಲಗಿಬಿಟ್ಟರು.

"ಯಾವ ಕಾಲು ಮುರ್ದಿರೋದು?" ಎಂದು ಕೇಳಿದರು.

"ಎಡತೊಡೆ."

"ಅಯ್ಯಪ್ಪಾ, ಸತ್ತೆ! ಅಯ್ಯೋ ನನ್ನ ತೊಡೆ!" ಎಂದು ಅವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು. ಅವರಿಗೆ ಸಮಜಾಯಿಷಿ ಹೇಳಿ ಕಳಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಅತ್ತೆ ಮಾತ್ರ ಪಾತ್ರದಿಂದ ಇಳಿಯಲಿಲ್ಲ. ಕೂರಿಸಿದರೆ ವಾಲಿದರು, ಕಾಲು ಹಿಂದಕ್ಕೆ ಇಡಿ ಎಂದರೆ, "ಮುರ್ದಿರೋ ಕಾಲನ್ನ ಹೆಂಗೆ ಇಡೋದು, ನೀನೆಂಥಾ ನರ್ಸು?" ಎಂದು ದಬಾಯಿಸಿದರು. ಮೊದಲ ಸಲ ನಾನು ಅಭ್ಯಾಸಬಲದಿಂದ ಹಿಂದಕ್ಕೆ ವಾಲಿದೆ, ಅವರ ಭಾರ ನನ್ನನ್ನೇ ಎಳೆದು ಅವರ ಮಡಿಲಿಗೆ ಬಿದ್ದೆ. ಎರಡನೇ ಸಲ ಬೇಗ ಹೂಂ ಎಂದೆ. ನಾಲ್ಕನೇ ಸಲ ಕಾದೆ. ಅತ್ತೆ ಮುಂದಕ್ಕೆ ಬಗ್ಗಿದರು, ಬಗ್ಗಿದರು, ಅವರ ಭಾರ ಪಾದಕ್ಕೆ ಬಂದದ್ದು ನನ್ನ ಮೊಣಕಾಲಿಗೆ ತಿಳಿಯಿತು. ಅವರು ಎದ್ದರು. ನಾನು ಎಳೆದಿರಲಿಲ್ಲ.

ನಿಂತಲ್ಲೇ ಅವರು ನನ್ನ ಎರಡೂ ಭುಜ ಹಿಡಿದುಕೊಂಡರು. ನಾಟಕ ನಿಂತಿತ್ತು.

"ನಿನ್ನ ಆಪರೇಷನ್ ದಿನ ನಾನು ಹೊರಗಡೆ ಬೆಂಚ್ ಮೇಲೆ ಕೂತಿದ್ದೆ" ಎಂದರು. "ಏಳೋಕೇ ಆಗ್ಲಿಲ್ಲ ಕಣೇ. ಕೂಗಾಡಿ ಕಳಿಸಿದ್ನಲ್ಲ, ಆ ಕೂಗಾಡಿದ್ದೇ ಕೊನೇ ಮಾತಾಗಿಬಿಟ್ರೆ ಅಂತ. ನೀನು ಕಣ್ಣು ಬಿಟ್ಟೆ ಅಂತ ನಿನ್ನ ಗಂಡ ಬಂದು ಹೇಳಿದ್ಮೇಲೇನೇ ಎದ್ದಿದ್ದು."

ಅವರು ಇದನ್ನು ನನಗೆ ಹೇಳಿಯೇ ಇರಲಿಲ್ಲ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಆ ಅಂಗೈಯಗಲದ ಡಬ್ಬಿಗೆ ಮೊಟ್ಟೆ ಬೇಯಿಸುತ್ತಿದ್ದವರು ಅವರು. ತರಕಾರಿಯನ್ನು ನನ್ನ ಹೊಸ ಹೊಟ್ಟೆಗೆ ಒಗ್ಗುವಷ್ಟು ಸಣ್ಣಗೆ ಹೆಚ್ಚಲು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಕೂರುತ್ತಿದ್ದರು. ನಾನು ಅದನ್ನು ಸೊಸೆಯ ಮೇಲಿನ ಕಾವಲು ಎಂದುಕೊಂಡಿದ್ದೆ. ನನಗೆ ಕಾಣದೇ ಹೋದದ್ದು ಆಯಮ್ಮನ ಮೊಣಕಾಲು ಒಂದೇ ಅಲ್ಲ ಎಂದು ಅವತ್ತು ಅನ್ನಿಸಿತು. ಅವರ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟೆ. "ಸಾಕು ಬಿಡೇ, ಮುರ್ದಿರೋ ಕಾಲು" ಎಂದರು.

ಗುರುವಾರ ಡ್ರಿಲ್ ಮೇಷ್ಟ್ರ ಹತ್ತಿರ ಹೋದೆ. ಮುಟ್ಟಬೇಡಿ ಎಂದಿದ್ದರು, ಮಾತಾಡಬೇಡಿ ಎಂದಿರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಆ ದಿನ ತಪ್ಪಿದ್ದು ನನ್ನಿಂದ, ಅವರಿಂದಲ್ಲ ಎಂದೆ. ನಾಳೆ ಇನ್ನೊಂದು ಸಲ ಎಬ್ಬಿಸಲು ಬಿಡುತ್ತೀರಾ ಎಂದು ಕೇಳಿದೆ.

ಅವರು ಛಾವಣಿ ನೋಡುತ್ತಾ ಮಲಗಿದ್ದರು. ಆ ದೊಡ್ಡ ಗಂಟಲು ಸಣ್ಣಗಾಗಿತ್ತು. "ಭಯ ಆಗುತ್ತಮ್ಮ" ಎಂದರು. "ಸಾವಿರಾರು ಮಕ್ಕಳಿಗೆ ಎದ್ದು ನಿಲ್ಲು ಅಂದಿದೀನಿ. ಈಗ ನಂಗೇ ಯಾರಾದ್ರೂ ಅಂದ್ರೆ ಮಂಚ ಬಿಡೋಕೆ ಧೈರ್ಯ ಬರಲ್ಲ."

"ನಂಗೂ ಭಯ ಮೇಷ್ಟ್ರೇ."

ಅವರು ತಲೆ ಹೊರಳಿಸಿ ನನ್ನನ್ನು ನೋಡಿದರು. "ನೀನೇ ಹೋಗಿ ಮೇಡಂಗೆ ಹೇಳಿದ್ಯಂತೆ?"

"ಹೂಂ."

"ಮೂವತ್ತು ವರ್ಷದಲ್ಲಿ ನನ್ನ ಹತ್ರ ತಾನಾಗೇ ಬಂದು ತಪ್ಪು ಒಪ್ಕೊಂಡ ಹುಡುಗ ಒಬ್ನೂ ಇಲ್ಲ" ಎಂದರು. ಆಮೇಲೆ ಬೆರಳೆತ್ತಿ, "ಹತ್ತು ಗಂಟೆ ಅಂದ್ರೆ ಹತ್ತು ಗಂಟೆ. ಲೇಟಾಗಿ ಬಂದ್ರೆ ನಾನು ಏಳಲ್ಲ" ಎಂದರು.

ಶುಕ್ರವಾರ ಹತ್ತಕ್ಕೆ ಐದು ನಿಮಿಷವಿರುವಾಗ ಮೇಡಂ ಬಂದರು. ಕೈಕಟ್ಟಿಕೊಂಡು ಏಳನೇ ಬೆಡ್ಡಿನ ಬುಡದಲ್ಲಿ ನಿಂತರು. ಆಚೆ ಈಚೆ ಬೆಡ್ಡಿನವರೆಲ್ಲ ಎದ್ದು ಕೂತು ನೋಡತೊಡಗಿದರು. ಆಯಮ್ಮ ಅಭ್ಯಾಸದಂತೆ ಬಗ್ಗಲು ಬಂದರು. ನಾನು ಅವರ ತೋಳು ಹಿಡಿದು ಪಕ್ಕಕ್ಕೆ ತಂದು, ಹೊದಿಕೆಯ ತುದಿ ಅವರ ಕೈಗೆ ಕೊಟ್ಟೆ.

"ಇವತ್ತು ನೀವು ಇಲ್ಲಿ ನಿಂತ್ಕೊಳ್ಳಿ" ಎಂದೆ. "ಮೊಣಕಾಲು ನಂದು."

ಅವರು ಮೇಡಂ ಮುಖ ನೋಡಿ, ಹೊದಿಕೆಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು.

ನಾನು ಬಗ್ಗಿದೆ. ಐದು ತಿಂಗಳ ಹಿಂದೆ ನೆಲಕ್ಕೆ ಬಿದ್ದ ಪೆನ್ನು ತೆಗೆಯಲೂ ಆಗದವಳು ಮೇಷ್ಟ್ರ ಮುಂದೆ ಕಾಲು ಮಡಿಸಿ ಕುಕ್ಕರಿಸುವಷ್ಟು ಬಗ್ಗಿದೆ. ಅವರ ಮುರಿದ ಕಾಲನ್ನು ಮುಂದಕ್ಕೆ ಚಾಚಿಸಿದೆ, ಬಲಗಾಲನ್ನು ಹಿಂದಕ್ಕೆ ಎಳೆದಿಟ್ಟೆ, ಅದರ ಮೊಣಕಾಲಿಗೆ ನನ್ನ ಮೊಣಕಾಲು ಒಡ್ಡಿದೆ. "ಮುಂದಕ್ಕೆ ಬಗ್ಗಿ ಮೇಷ್ಟ್ರೇ. ಇನ್ನೂ. ಇನ್ನೂ ಸ್ವಲ್ಪ." ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ಹೂಂ ಎನ್ನಲು ನಾಲಿಗೆ ತುರಿಸಿತು. ಕಚ್ಚಿಕೊಂಡು ಕಾದೆ. ಅವರು ನಡುಗುತ್ತಿದ್ದರು, ನನ್ನ ತೊಡೆಯೂ ನಡುಗುತ್ತಿತ್ತು. ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಆಮೇಲೆ ಆ ತೊಂಬತ್ತನಾಲ್ಕು ಕೆ.ಜಿ. ನನ್ನ ಮೊಣಕಾಲಿನ ಮೇಲೆ ಬಂತು. ನೋವು ಎಂದರೆ ನೋವು, ಕಣ್ಣಲ್ಲಿ ನೀರು ಬಂತು. ನಾನು ಕದಲಲಿಲ್ಲ.

"ಎದ್ದೂ... ನಿಲ್!" ಎಂದು ಮೇಷ್ಟ್ರು ತಮಗೆ ತಾವೇ ಅಪ್ಪಣೆ ಕೊಟ್ಟುಕೊಂಡರು. ಇಡೀ ವಾರ್ಡಿಗೆ ಕೇಳಿಸಿತು. ನೋಡಿದರೆ ಅವರು ನಿಂತಿದ್ದರು.

ವಾಕರ್ ಕೊಟ್ಟೆವು. ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಕಿಟಕಿಯ ಆಚೆ ನೋಡಿದರು. ಅಲ್ಲಿ ಕಾಣುತ್ತಿದ್ದದ್ದು ಆಸ್ಪತ್ರೆಯ ನೀರಿನ ಟ್ಯಾಂಕು ಮತ್ತು ಒಣಹಾಕಿದ ಹೊದಿಕೆಗಳು. ಅಷ್ಟನ್ನೇ ಅವರು ಕಣ್ಣು ತುಂಬ ನೋಡಿದರು. ಮೀಸೆ ಅದುರುತ್ತಿತ್ತು. ನಾನು ಆಯಮ್ಮನ ಕಡೆ ತಿರುಗಿದೆ. ಹನ್ನೊಂದು ವರ್ಷ ಬಗ್ಗಿಕೊಂಡೇ ಇದ್ದ ಹೆಂಗಸು, ಎದ್ದು ನಿಂತ ರೋಗಿಯ ಮುಖವನ್ನು ಎದುರಿಗೆ ನಿಂತು ನೋಡಿದ್ದು ಅದೇ ಮೊದಲ ಸಲ. ಹೊದಿಕೆಯ ತುದಿಯನ್ನು ಬಿಡುವುದನ್ನೇ ಮರೆತು, ಬಾಯಿ ಸ್ವಲ್ಪ ತೆರೆದು, ಅವರು ಮೇಷ್ಟ್ರನ್ನು ನೋಡುತ್ತಿದ್ದರು.

"ಇದನ್ನ ಯಾರು ಕಲಿಸಿದ್ದು?" ಎಂದು ಮೇಡಂ ಕೇಳಿದರು.

"ಇವರು" ಎಂದೆ. "ಇಷ್ಟು ವರ್ಷ ಎಬ್ಬಿಸ್ತಿದ್ದವರೂ ಇವರೇ ಮೇಡಂ. ನಾನು ಸುಮ್ನೆ ಹೂಂ ಅಂತಿದ್ದೆ."

ಮೇಡಂ ಆಯಮ್ಮನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಮುಂದಿನ ವಾರ ಹೊಸ ನರ್ಸುಗಳು ಬರ್ತಾರೆ. ಅವರಿಗೂ ತೋರಿಸ್ಕೊಡಿ" ಎಂದರು ಆಯಮ್ಮನಿಗೆ. ನನಗೆ, "ಚೀಟಿ ಕೌಂಟರಿಗೆ ಬೇರೆಯವರನ್ನ ಹುಡುಕ್ತೀನಿ" ಎಂದಷ್ಟೇ ಹೇಳಿ ಹೊರಟರು. ಆಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಮೇಷ್ಟ್ರು ಹತ್ತು ದಿನದ ಮೇಲೆ ಮನೆಗೆ ಹೋದರು. ಹೋಗುವಾಗ ಸ್ವೀಟ್ ಬಾಕ್ಸ್ ತಂದು ನನ್ನ ಕಡೆ ಚಾಚಿದರು. ನಾನು ಕಣ್ಣಲ್ಲೇ ಪಕ್ಕಕ್ಕೆ ತೋರಿಸಿದೆ. ಇಡೀ ಬಾಕ್ಸ್ ಆಯಮ್ಮನ ಕೈ ಸೇರಿತು. ಅವರು ಅದರಲ್ಲಿ ಒಂದು ತುಂಡು ತೆಗೆದು, ಅದರ ಉಗುರಿನಷ್ಟು ಮೂಲೆ ಮುರಿದು ನನಗೆ ಕೊಟ್ಟರು. ನನ್ನ ಈಗಿನ ಹೊಟ್ಟೆಗೆ ಅಷ್ಟೇ ಸಾಕೆಂದು ಅವರಿಗೆ ಗೊತ್ತಿತ್ತು.

ಆದರೆ ನಾನು ಹೇಳಬೇಕೆಂದುಕೊಂಡದ್ದು ಆ ಶುಕ್ರವಾರ ಸಂಜೆಯ ಮಾತು. ಮನೆಗೆ ಬಂದು ಸ್ನಾನಕ್ಕೆ ನಿಂತೆ. ಮೈಮೇಲೆ ನೀರು ಸುರಿದುಕೊಂಡು ತಲೆ ಬಗ್ಗಿಸಿದೆ. ಎಷ್ಟೋ ವರ್ಷಗಳ ಮೇಲೆ, ನೆಟ್ಟಗೆ ನಿಂತಲ್ಲಿಂದಲೇ, ನಡುವೆ ಏನೂ ಅಡ್ಡವಿಲ್ಲದೆ, ನನಗೆ ನನ್ನ ಮೊಣಕಾಲು ಕಂಡಿತು. ಅದರ ಮೇಲೆ ಒಂದು ರೂಪಾಯಿಯಗಲದ ನೀಲಿ ಕಲೆ ಮೂಡಿತ್ತು. ಬಾಗಿಲ ಹೊರಗಿನಿಂದ ಅತ್ತೆ, "ಏನೇ, ಅಳ್ತಿದೀಯಾ? ನೋವಾ? ಮುಲಾಮು ತರ್ಲಾ?" ಎಂದು ಕೂಗಿದರು.

"ಬೇಡ ಅತ್ತೆ" ಎಂದೆ. "ಇರ್ಲಿ ಬಿಡಿ, ನೋಡ್ತಾ ಇದೀನಿ."